ಡೈನಾಮಿಕ್ ರೂಟಿಂಗ್ ದೋಷಪತ್ತೆ

ಡೈನಾಮಿಕ್ ರೂಟಿಂಗ್ ದೋಷಪತ್ತೆ ಎಂದರೆ, ರೂಟರುಗಳು ತಮ್ಮತಮ್ಮಲ್ಲಿ ಮಾಹಿತಿ ಹಂಚಿಕೊಂಡು ಮಾರ್ಗಗಳನ್ನು ತಾವೇ ಕಂಡುಕೊಳ್ಳುವ ಜಾಲದಲ್ಲಿ ಆ ಹಂಚಿಕೆ ನಿಂತಾಗ, ತಪ್ಪಿದಾಗ ಅಥವಾ ಹಂಚಿಕೆ ಸರಿಯಾಗಿ ನಡೆದೂ ಪ್ಯಾಕೆಟ್‌ಗಳು ಗುರಿ ಮುಟ್ಟದಿದ್ದಾಗ ಅದರ ಮೂಲ ಕಾರಣವನ್ನು ಗುರುತಿಸಿ ಸರಿಪಡಿಸುವ ತಾಂತ್ರಿಕ ವಿಧಾನ. ಮಾರ್ಗಗಳನ್ನು ಕೈಯಾರೆ ಬರೆದಿಡುವ ಸ್ಥಿರ ರೂಟಿಂಗ್‌ನಲ್ಲಿ ತಪ್ಪು ಬರೆದ ಸಾಲು ಬರೆದಲ್ಲೇ ಕೂತಿರುತ್ತದೆ, ಹುಡುಕಿದರೆ ಸಿಗುತ್ತದೆ. ಡೈನಾಮಿಕ್ ರೂಟಿಂಗ್‌ನಲ್ಲಿ ಪ್ರತಿ ರೂಟರಿಗೆ ಖುದ್ದಾಗಿ ಗೊತ್ತಿರುವುದು ತನಗೆ ತಗುಲಿದ ಲಿಂಕ್‌ಗಳಷ್ಟೆ. ಉಳಿದದ್ದೆಲ್ಲ ನೆರೆಯವರಿಂದ ಕೇಳಿ ತಿಳಿದದ್ದು. ಹಾಗಾಗಿ ಒಂದು ರೂಟರಿನಲ್ಲಿ ಆದ ತಪ್ಪು ಹಲವು ರೂಟರುಗಳಾಚೆ ಲಕ್ಷಣವಾಗಿ ಕಾಣಿಸಿಕೊಳ್ಳುತ್ತದೆ. ಲಕ್ಷಣ ಕಂಡ ಜಾಗದಿಂದ ಕಾರಣ ಇರುವ ಜಾಗಕ್ಕೆ ಹಿಮ್ಮುಖವಾಗಿ ನಡೆಯುವುದೇ ಈ ವಿಧಾನದ ತಿರುಳು.

ಪರಿಭಾಷೆ

ವಿಳಾಸಗುಚ್ಛ ಎಂದರೆ 10.20.0.0/16 ಎಂಬಂತೆ ಮೊದಲ ಕೆಲವು ಬಿಟ್‌ಗಳು ಒಂದೇ ಆಗಿರುವ ಐಪಿ ವಿಳಾಸಗಳ ಗುಂಪು. ಓರೆಗೆರೆಯ ಮುಂದಿನ ಅಂಕಿ ದೊಡ್ಡದಾದಷ್ಟೂ ಗುಚ್ಛ ಚಿಕ್ಕದು. ಮಾರ್ಗ ಎಂದರೆ ಒಂದು ಗುಚ್ಛಕ್ಕೆ ಹೋಗುವ ಪ್ಯಾಕೆಟ್ಟನ್ನು ಯಾವ ಮುಂದಿನ ರೂಟರಿಗೆ ಕೊಡಬೇಕು ಎಂಬ ನಮೂದು. ಇಂಥ ನಮೂದುಗಳಲ್ಲಿ ಆಯ್ಕೆಯಾದವು ಸೇರುವುದು ರೂಟಿಂಗ್ ಟೇಬಲ್‌ಗೆ. ಅದರಿಂದ ಇಳಿಸಿಕೊಂಡು ಯಂತ್ರಾಂಶ ನಿಜವಾಗಿ ನೋಡುವ ಪ್ರತಿ ಫಾರ್ವರ್ಡಿಂಗ್ ಟೇಬಲ್. ಎರಡು ರೂಟರುಗಳು ಒಂದನ್ನೊಂದು ಗುರುತಿಸಿ ಮಾಹಿತಿ ಹಂಚಿಕೊಳ್ಳಲು ಒಪ್ಪಿದ ಸ್ಥಿತಿಯನ್ನು ಇಲ್ಲಿ ನೆರೆಸಂಬಂಧ ಎಂದು ಕರೆಯಲಾಗಿದೆ. ಬದಲಾವಣೆಯೊಂದರ ನಂತರ ಎಲ್ಲ ರೂಟರುಗಳೂ ಪರಸ್ಪರ ಹೊಂದುವ ತೀರ್ಮಾನಕ್ಕೆ ಬಂದ ಸ್ಥಿತಿ ಒಮ್ಮತ. ಒಂದೇ ಆಡಳಿತದ ಅಡಿಯಲ್ಲಿರುವ ಜಾಲ ಸ್ವಾಯತ್ತ ವ್ಯವಸ್ಥೆ. ಅದಕ್ಕೊಂದು ಸಂಖ್ಯೆ ಇರುತ್ತದೆ, ಆ ಸಂಖ್ಯೆಯನ್ನು ಎಎಸ್ ಸಂಖ್ಯೆ ಎನ್ನುತ್ತಾರೆ.

ಹುಟ್ಟು ಮತ್ತು ಬೆಳವಣಿಗೆ

ಡೈನಾಮಿಕ್ ರೂಟಿಂಗ್‌ನಷ್ಟೇ ಅದರ ದೋಷಪತ್ತೆಯೂ ಹಳೆಯದು. 1969ರಲ್ಲಿ ಆರಂಭವಾದ ಆರ್ಪಾನೆಟ್‌ನಲ್ಲಿ ರೂಟರುಗಳ ಕೆಲಸವನ್ನು ಐಎಂಪಿ ಎಂಬ ಯಂತ್ರಗಳು ಮಾಡುತ್ತಿದ್ದವು. ಪ್ರತಿ ಐಎಂಪಿ ತನ್ನಿಂದ ಉಳಿದ ಎಲ್ಲ ಗುರಿಗಳಿಗೆ ಎಷ್ಟು ವಿಳಂಬ ಎಂಬ ಪಟ್ಟಿಯನ್ನು ನೆರೆಯವಕ್ಕೆ ಹೇಳುತ್ತಿತ್ತು. ನೆರೆಯದು ಹೇಳಿದ್ದಕ್ಕೆ ತನ್ನ ಲಿಂಕಿನ ವಿಳಂಬ ಕೂಡಿಸಿ ಅತಿ ಕಡಿಮೆಯದನ್ನು ಆರಿಸುವ ಈ ಕ್ರಮವನ್ನು ದೂರ-ದಿಕ್ಕು ವಿಧಾನ ಎನ್ನುತ್ತಾರೆ; ಬೆಲ್‌ಮನ್ ಮತ್ತು ಫೋರ್ಡ್ 1950ರ ದಶಕದಲ್ಲಿ ರೂಪಿಸಿದ ಲೆಕ್ಕಾಚಾರ ಅದರ ಬುನಾದಿ. 1970ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಐಎಂಪಿಯ ಮೆಮೊರಿ ಕೆಟ್ಟು, ಅದು ಎಲ್ಲ ಗುರಿಗಳಿಗೂ ತನ್ನಿಂದ ವಿಳಂಬ ಸೊನ್ನೆ ಎಂದು ಸಾರತೊಡಗಿತು. ನೆರೆಯವು ನಂಬಿದವು, ಅವುಗಳ ನೆರೆಯವೂ ನಂಬಿದವು. ಜಾಲದ ಸಂಚಾರ ಹಾರ್ವರ್ಡ್ ಕಡೆ ಹರಿದು ಅಲ್ಲೇ ಕಾಣೆಯಾಯಿತು. ಸಂಚಾರವನ್ನು ಸೆಳೆದು ನುಂಗಿಬಿಡುವ ಇಂಥ ದೋಷಕ್ಕೆ ಇಂದಿಗೂ ಕಪ್ಪುಕುಳಿ ಎಂಬ ಹೆಸರೇ ಬಳಕೆಯಲ್ಲಿದೆ.

1979ರಲ್ಲಿ ಆರ್ಪಾನೆಟ್ ಲಿಂಕ್-ಸ್ಥಿತಿ ವಿಧಾನಕ್ಕೆ ಬದಲಾಯಿತು. ಇದರಲ್ಲಿ ಪ್ರತಿ ರೂಟರು ತನ್ನ ಲಿಂಕ್‌ಗಳ ವಿವರವನ್ನಷ್ಟೆ ಜಾಲದ ತುಂಬ ಹರಡುತ್ತದೆ. ಎಲ್ಲರ ಬಳಿಯೂ ಒಂದೇ ನಕ್ಷೆ ಕೂಡಿಬರುತ್ತದೆ. ಆ ನಕ್ಷೆಯ ಮೇಲೆ ಎಡ್ಸ್‌ಖರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಿಂದ ಪ್ರತಿ ರೂಟರು ಕಿರುದಾರಿ ಕಂಡುಕೊಳ್ಳುತ್ತದೆ. ಮರುವರ್ಷವೇ, 1980ರ ಅಕ್ಟೋಬರ್ 27ರಂದು, ಈ ಹೊಸ ವಿಧಾನವಿದ್ದ ಜಾಲ ಹಲವು ತಾಸು ನಿಷ್ಕ್ರಿಯವಾಯಿತು. ಯಾವ ಮಾಹಿತಿ ಹೊಸದು ಎಂದು ತಿಳಿಯಲು ಸುದ್ದಿಗಳಿಗೆ 6 ಬಿಟ್‌ಗಳ ಕ್ರಮಸಂಖ್ಯೆ ಕೊಡಲಾಗುತ್ತಿತ್ತು. 63 ಮುಗಿದ ಮೇಲೆ ಸೊನ್ನೆಯಿಂದ ಮತ್ತೆ ಎಣಿಕೆ. ಐಎಂಪಿಯೊಂದರ ಮೆಮೊರಿಯಲ್ಲಿ ಬಿಟ್‌ಗಳು ಉದುರಿ, 44 ಎಂಬ ಸಂಖ್ಯೆಯ ಸುದ್ದಿ 40 ಮತ್ತು 8 ಎಂಬ ಸಂಖ್ಯೆಗಳಲ್ಲೂ ಹೊರಬಿತ್ತು. ಸುತ್ತು ಎಣಿಕೆಯ ನಿಯಮದಂತೆ 40ಕ್ಕಿಂತ 44 ಹೊಸದು, 8ಕ್ಕಿಂತ 40 ಹೊಸದು, 44ಕ್ಕಿಂತ 8 ಹೊಸದು. ಮೂರೂ ಒಂದನ್ನೊಂದು ಅಟ್ಟಿಸಿಕೊಂಡು ಕೊನೆಯಿಲ್ಲದೆ ಸುತ್ತಿದವು. ಬೇರೆ ಕೆಲಸಕ್ಕೆ ಯಂತ್ರಗಳಿಗೆ ಬಿಡುವೇ ಉಳಿಯಲಿಲ್ಲ. ಆ ಸುದ್ದಿಯನ್ನು ಮೊದಲು ಹುಟ್ಟಿಸಿದ್ದ ಐಎಂಪಿಯ ಸುದ್ದಿಗಳನ್ನು ಕಡೆಗಣಿಸುವಂತೆ ಎಲ್ಲ ಐಎಂಪಿಗಳ ತಂತ್ರಾಂಶಕ್ಕೆ ತೇಪೆ ಹಾಕಿದ ಮೇಲೆ ಜಾಲ ಚೇತರಿಸಿಕೊಂಡಿತು. ಬಿಬಿಎನ್ ಸಂಸ್ಥೆಯ ಎರಿಕ್ ರೋಸೆನ್ 1981ರಲ್ಲಿ ಆರ್‌ಎಫ್‌ಸಿ ಎಂಬ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ 789ನೆಯದಾಗಿ ಪ್ರಕಟಿಸಿದ ಇದರ ವಿಶ್ಲೇಷಣೆ ರೂಟಿಂಗ್ ದೋಷಪತ್ತೆಯ ಮೊದಲ ದೊಡ್ಡ ದಾಖಲೆಗಳಲ್ಲಿ ಒಂದು. ದೋಷ ತುಂಬಿದ ರೂಟರುಗಳ ನಡುವೆಯೂ ಉಳಿಯಬಲ್ಲ ರೂಟಿಂಗ್ ಬಗ್ಗೆ ರೇಡಿಯಾ ಪರ್ಲ್‌ಮನ್ 1980ರ ದಶಕದಲ್ಲಿ ಮಾಡಿದ ಕೆಲಸಕ್ಕೂ ಈ ಹಿನ್ನೆಲೆ ಇದೆ.

ಇಂದು ಬಳಕೆಯಲ್ಲಿರುವ ಪ್ರೋಟೋಕಾಲ್‌ಗಳು 1980ರ ದಶಕದ ಕೊನೆಯಿಂದ ರೂಪುಗೊಂಡವು. ಬರ್ಕ್‌ಲಿ ಯೂನಿಕ್ಸ್‌ನೊಂದಿಗೆ ಹರಡಿದ್ದ ರಿಪ್ 1988ರಲ್ಲಿ ಆರ್‌ಎಫ್‌ಸಿ 1058 ಆಗಿ ದಾಖಲಾಯಿತು. ಲಿಂಕ್-ಸ್ಥಿತಿ ಬಗೆಯ ಓಎಸ್‌ಪಿಎಫ್ 1989ರಲ್ಲಿ ಬಂದು, 1998ರ ಆರ್‌ಎಫ್‌ಸಿ 2328ರಲ್ಲಿ ಈಗಿನ ರೂಪ ಪಡೆಯಿತು. ಅದೇ ಬಗೆಯ ಐಎಸ್-ಐಎಸ್ ದೂರವಾಣಿ ಮತ್ತು ಅಂತರಜಾಲ ಸೇವಾ ಸಂಸ್ಥೆಗಳಲ್ಲಿ ನೆಲೆಯಾಯಿತು. ಸಿಸ್ಕೊ ತನ್ನದೇ ಆದ ಇಐಜಿಆರ್‌ಪಿಯನ್ನು 1990ರ ದಶಕದ ಆರಂಭದಲ್ಲಿ ತಂದಿತು. ಸ್ವಾಯತ್ತ ವ್ಯವಸ್ಥೆಗಳ ನಡುವಿನ ಬಿಜಿಪಿಯ ಮೊದಲ ದಾಖಲೆ 1989ರ ಆರ್‌ಎಫ್‌ಸಿ 1105. ಕರ್ಕ್ ಲೌಹೀಡ್ ಮತ್ತು ಯಾಕೋವ್ ರೆಕ್ಟರ್ ಅದರ ಕರ್ತರು. ಇಂದಿನ ನಾಲ್ಕನೆಯ ಆವೃತ್ತಿಗೆ ಆಧಾರ 2006ರ ಆರ್‌ಎಫ್‌ಸಿ 4271.

ಭಾರತದಲ್ಲಿ ಈ ಕೌಶಲ ಬೇರೂರಿದ್ದು 1986ರಲ್ಲಿ ಆರಂಭವಾದ, ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಜಾಲವಾದ ಅರ್ನೆಟ್ ಯೋಜನೆಯ ಜೊತೆಗೆ. ಅದರಲ್ಲಿ ತೊಡಗಿದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು.

ದೋಷದ ರಚನೆ

ಮಾರ್ಗವೊಂದು ಹುಟ್ಟಿ ಪ್ಯಾಕೆಟ್ಟಿಗೆ ಉಪಯೋಗವಾಗುವ ತನಕ ಹಲವು ಹಂತ ದಾಟುತ್ತದೆ. ಲಿಂಕ್ ಜೀವಂತವಾಗಿರಬೇಕು; ಅದರ ಮೇಲೆ ನೆರೆಸಂಬಂಧ ಏರ್ಪಡಬೇಕು; ನೆರೆಯದು ಮಾರ್ಗವನ್ನು ಸಾರಬೇಕು, ಈ ಬದಿ ಅದನ್ನು ಸೋಸಿ ತೆಗೆಯದೆ ಸ್ವೀಕರಿಸಬೇಕು; ಬಂದ ಮಾರ್ಗಗಳಲ್ಲಿ ಅದು ಆಯ್ಕೆಯಾಗಿ ರೂಟಿಂಗ್ ಟೇಬಲ್ ಸೇರಬೇಕು; ಅಲ್ಲಿಂದ ಫಾರ್ವರ್ಡಿಂಗ್ ಟೇಬಲ್‌ಗೆ ಇಳಿಯಬೇಕು. ಇಷ್ಟೆಲ್ಲ ಆದ ಮೇಲೂ, ಉತ್ತರ ಹೊತ್ತ ಪ್ಯಾಕೆಟ್ ಮರಳಿ ಬರಲು ಎದುರು ಬದಿಯಿಂದ ಇಂಥದೇ ಇನ್ನೊಂದು ಸರಪಳಿ ಪೂರ್ತಿಯಾಗಿರಬೇಕು. ದೋಷಪತ್ತೆ ಎಂದರೆ ಈ ಸರಪಳಿಯಲ್ಲಿ ಕೊನೆಯದಾಗಿ ಸರಿಯಿರುವ ಕೊಂಡಿ ಯಾವುದು, ಮೊದಲು ಕಡಿದದ್ದು ಯಾವುದು ಎಂದು ಗುರುತಿಸುವುದು.

ಆಯ್ಕೆಯ ಹಂತದಲ್ಲಿ ಎರಡು ನಿಯಮಗಳು ಬೇರೆಬೇರೆ ಸಮಯಕ್ಕೆ ಕೆಲಸ ಮಾಡುತ್ತವೆ. ಇವನ್ನು ಬೆರೆಸಿಕೊಳ್ಳುವುದು ತಪ್ಪು ರೋಗನಿರ್ಣಯಕ್ಕೆ ಸಾಮಾನ್ಯ ಕಾರಣ. ಒಂದೇ ಗುಚ್ಛಕ್ಕೆ ಎರಡು ಪ್ರೋಟೋಕಾಲ್‌ಗಳಿಂದ ಮಾರ್ಗ ಬಂದರೆ ಯಾವುದನ್ನು ನಂಬಬೇಕು ಎಂಬುದನ್ನು ನಂಬಿಕೆಯ ಅಂಕಿ ತೀರ್ಮಾನಿಸುತ್ತದೆ. ಸಿಸ್ಕೊ ಸಾಧನಗಳಲ್ಲಿ ಇದಕ್ಕೆ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ ಎಂದು ಹೆಸರು. ಕಡಿಮೆ ಅಂಕಿಗೆ ಹೆಚ್ಚು ನಂಬಿಕೆ: ನೇರ ಲಿಂಕಿಗೆ 0, ಸ್ಥಿರ ಮಾರ್ಗಕ್ಕೆ 1, ಹೊರಗಿನ ಬಿಜಿಪಿಗೆ 20, ಇಐಜಿಆರ್‌ಪಿಗೆ 90, ಓಎಸ್‌ಪಿಎಫ್‌ಗೆ 110, ಐಎಸ್-ಐಎಸ್‌ಗೆ 115, ರಿಪ್‌ಗೆ 120, ಒಳಗಿನ ಬಿಜಿಪಿಗೆ 200. ಪ್ಯಾಕೆಟ್ ಬಂದಾಗ ನಡೆಯುವುದು ಬೇರೆ ಪರೀಕ್ಷೆ: ಗುರಿಗೆ ಹೊಂದುವ ನಮೂದುಗಳಲ್ಲಿ ಅತಿ ಚಿಕ್ಕ ಗುಚ್ಛದ್ದೇ ಗೆಲ್ಲುತ್ತದೆ. ಆದ್ದರಿಂದ ರಿಪ್‌ನಿಂದ ಬಂದ /24 ಮಾರ್ಗ, ನೇರವಾಗಿ ಕೈಯಾರೆ ಬರೆದ /16 ಮಾರ್ಗವನ್ನು ಹಿಂದಿಕ್ಕುತ್ತದೆ. ಎಲ್ಲೋ ಯಾರೋ ಸಾರಿದ ಚಿಕ್ಕ ಗುಚ್ಛ ಇಡೀ ಸಂಚಾರವನ್ನು ಸೆಳೆದೊಯ್ಯುವ ದೋಷಗಳೆಲ್ಲ ಈ ನಿಯಮದ ಫಲ.

ದೋಷದ ಬಗೆಗಳು

ನೆರೆಸಂಬಂಧದ ದೋಷಗಳು. ಕ್ಷೇತ್ರದಲ್ಲಿ ಎದುರಾಗುವ ದೋಷಗಳಲ್ಲಿ ಇವು ಹೆಚ್ಚು, ಪತ್ತೆಗೂ ಸುಲಭ. ಓಎಸ್‌ಪಿಎಫ್ ರೂಟರುಗಳು ಪ್ರಸಾರ ಬಗೆಯ ಲಿಂಕಿನಲ್ಲಿ 10 ಸೆಕೆಂಡಿಗೊಮ್ಮೆ ಹಲೋ ಸುದ್ದಿ ಕಳಿಸುತ್ತವೆ. 40 ಸೆಕೆಂಡು ಕೇಳಿಸದಿದ್ದರೆ ನೆರೆಯದು ಹೋಯಿತೆಂದು ಭಾವಿಸುತ್ತವೆ. ಈ ಎರಡು ಅವಧಿಗಳು, ಏರಿಯಾ ಸಂಖ್ಯೆ, ಸಬ್‌ನೆಟ್ ಮಾಸ್ಕ್, ದೃಢೀಕರಣದ ಗುಟ್ಟು, ಏರಿಯಾದ ಬಗೆ ಇವು ಎರಡೂ ಬದಿಯಲ್ಲಿ ಹೊಂದದಿದ್ದರೆ ಸಂಬಂಧ ಏರ್ಪಡುವುದೇ ಇಲ್ಲ. ಏರಿಯಾ ಎಂದರೆ ಓಎಸ್‌ಪಿಎಫ್ ಜಾಲವನ್ನು ಒಡೆದ ಒಂದು ಪಾಲು. ಇಐಜಿಆರ್‌ಪಿಯಲ್ಲಿ ಎಎಸ್ ಸಂಖ್ಯೆ ಮತ್ತು ವೆಚ್ಚದ ಲೆಕ್ಕಕ್ಕೆ ಬಳಸುವ ಕೆ ಮೌಲ್ಯಗಳು ಹೊಂದಬೇಕು. ಹಲೋ ಅವಧಿ ಬೇರೆಯಾದರೂ ನಡೆಯುತ್ತದೆ.

ಸಂಬಂಧ ಯಾವ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ ಎಂಬುದೇ ಕಾರಣದ ಸುಳಿವು. ಓಎಸ್‌ಪಿಎಫ್ ಇನಿಟ್ ಸ್ಥಿತಿಯಲ್ಲಿ ನಿಂತಿದ್ದರೆ ಹಲೋ ಒಂದೇ ದಿಕ್ಕಿನಲ್ಲಿ ಹರಿಯುತ್ತಿದೆ: ಆ ಬದಿಯದು ಈ ಬದಿಗೆ ಕೇಳಿಸುತ್ತಿದೆ, ಈ ಬದಿಯದು ಆ ಬದಿಗೆ ಕೇಳಿಸುತ್ತಿಲ್ಲ. 224.0.0.5 ಎಂಬ ಮಲ್ಟಿಕಾಸ್ಟ್ ವಿಳಾಸವನ್ನೋ ಐಪಿ ಪ್ರೋಟೋಕಾಲ್ 89ನ್ನೋ ತಡೆಯುವ ಫಿಲ್ಟರ್ ಒಂದು ಕಡೆ ಇದ್ದರೆ ಹೀಗಾಗುತ್ತದೆ. ಟೂ-ವೇ ಸ್ಥಿತಿಯಲ್ಲಿ ನಿಂತಿದ್ದರೆ ಅದು ದೋಷವೇ ಆಗಿರಬೇಕಿಲ್ಲ. ಒಂದೇ ಈಥರ್‌ನೆಟ್ ಮೇಲೆ ಹಲವು ರೂಟರುಗಳಿದ್ದಾಗ ನಿಯೋಜಿತ ರೂಟರ್ ಮತ್ತು ಅದರ ಮೀಸಲು ಬಿಟ್ಟು ಉಳಿದವು ತಮ್ಮೊಳಗೆ ಅಲ್ಲಿಗೇ ನಿಲ್ಲುವುದು ನಿಯಮ. ಎಕ್ಸ್‌ಸ್ಟಾರ್ಟ್ ಅಥವಾ ಎಕ್ಸ್‌ಚೇಂಜ್‌ನಲ್ಲಿ ಸಿಕ್ಕಿಕೊಂಡಿದ್ದರೆ ಮೊದಲು ನೋಡಬೇಕಾದ್ದು ಎಂಟಿಯು, ಅಂದರೆ ಲಿಂಕ್ ಒಮ್ಮೆಗೆ ಹೊರಬಲ್ಲ ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಹಲೋಗಳು ಚಿಕ್ಕವಾದ್ದರಿಂದ ದಾಟಿಬಿಡುತ್ತವೆ; ಡೇಟಾಬೇಸ್ ವಿವರದ ಸುದ್ದಿಯಲ್ಲಿ ಎಂಟಿಯು ಬರೆದಿರುತ್ತದೆ, ಅದು ತನ್ನದಕ್ಕಿಂತ ದೊಡ್ಡದಾದರೆ ಎದುರು ರೂಟರು ಆ ಸುದ್ದಿಯನ್ನು ತಿರಸ್ಕರಿಸುತ್ತದೆ. ಐಎಸ್-ಐಎಸ್ ಇದೇ ತೊಂದರೆಯನ್ನು ಮೊದಲೇ ಹೊರಗೆಡಹುತ್ತದೆ: ಅದು ಹಲೋವನ್ನೇ ಎಂಟಿಯುವಿನಷ್ಟು ಉದ್ದಕ್ಕೆ ಉಬ್ಬಿಸಿ ಕಳಿಸುವುದರಿಂದ ಗಾತ್ರ ಹೊಂದದಿದ್ದರೆ ಸಂಬಂಧ ಮೊಳೆಯುವುದೇ ಇಲ್ಲ.

ಬಿಜಿಪಿಯ ನೆರೆಸಂಬಂಧ ಟಿಸಿಪಿಯ 179ನೆಯ ಪೋರ್ಟ್ ಮೇಲೆ ನಿಂತಿದೆ. ಇಲ್ಲಿನ ಆಕ್ಟಿವ್ ಎಂಬ ಸ್ಥಿತಿಯ ಹೆಸರು ಹೊಸಬರನ್ನು ದಾರಿ ತಪ್ಪಿಸುತ್ತದೆ. ಟಿಸಿಪಿ ಸಂಪರ್ಕ ಇನ್ನೂ ಸಿಕ್ಕಿಲ್ಲ, ಅದಕ್ಕಾಗಿ ರೂಟರು ಕಾಯುತ್ತಿದೆ ಎಂಬುದಷ್ಟೆ ಅದರ ಅರ್ಥ; ಸಂಬಂಧ ಏರ್ಪಟ್ಟ ಸ್ಥಿತಿಯ ಹೆಸರು ಎಸ್ಟಾಬ್ಲಿಶ್ಡ್. ಕಾರಣಗಳು ಸಾಮಾನ್ಯವಾಗಿ ನೆರೆಯ ವಿಳಾಸಕ್ಕೆ ಮಾರ್ಗವಿಲ್ಲದಿರುವುದು, ಎಎಸ್ ಸಂಖ್ಯೆಯ ತಪ್ಪು, ಎಂಡಿ5 ಗುಟ್ಟು ಹೊಂದದಿರುವುದು, ಲೂಪ್‌ಬ್ಯಾಕ್ ವಿಳಾಸದಿಂದ ಮಾತಾಡಬೇಕಾದಲ್ಲಿ ಲಿಂಕಿನ ವಿಳಾಸದಿಂದ ಮಾತಾಡುವುದು, ಹೊರಗಿನ ನೆರೆಯದು ಒಂದಕ್ಕಿಂತ ಹೆಚ್ಚು ನೆಗೆತ ದೂರವಿದ್ದರೂ ಟಿಟಿಎಲ್, ಅಂದರೆ ಪ್ಯಾಕೆಟ್ ರೂಟರಿನಿಂದ ರೂಟರಿಗೆ ಹಾಕಬಹುದಾದ ನೆಗೆತಗಳ ಮಿತಿ, ಒಂದೇ ಆಗಿರುವುದು. ಇವೆಲ್ಲಕ್ಕಿಂತ ಕಾಡುವ ದೋಷ ಇನ್ನೊಂದಿದೆ. ಸಂಬಂಧ ಏರ್ಪಡುತ್ತದೆ, ಮೂರು ನಿಮಿಷಕ್ಕೆ ಬೀಳುತ್ತದೆ, ಮತ್ತೆ ಏರ್ಪಡುತ್ತದೆ. ಹಲವು ಸಾಧನಗಳಲ್ಲಿ ಬಿಜಿಪಿಯ ಕಾಯುವ ಅವಧಿ 180 ಸೆಕೆಂಡು. ಸಂಪರ್ಕ ಕುದುರಿಸುವ ಚಿಕ್ಕ ಸುದ್ದಿಗಳು ದಾಟಿರುತ್ತವೆ. ಮಾರ್ಗಗಳನ್ನು ಹೊತ್ತ ಮೊದಲ ದೊಡ್ಡ ಪ್ಯಾಕೆಟ್ ನಡುವಿನ ಕಿರಿದಾದ ಲಿಂಕಿನಲ್ಲಿ ಬಿದ್ದುಹೋಗುತ್ತದೆ. ಟಿಸಿಪಿ ಕ್ರಮ ತಪ್ಪಿಸದ ಕಾರಣ ಅದರ ಹಿಂದಿನ ಕೀಪ್‌ಅಲೈವ್‌ಗಳೂ ತಡೆಹಿಡಿದಂತಾಗಿ, ಎದುರು ಬದಿ ಅವಧಿ ಮುಗಿಯಿತೆಂದು ಸಂಬಂಧ ಕಡಿಯುತ್ತದೆ. ಲಾಗ್‌ನಲ್ಲಿ ಕಾಣುವುದು ಹೋಲ್ಡ್ ಟೈಮರ್ ಮುಗಿದ ಸುದ್ದಿ. ಕಾರಣ ಇರುವುದು ಎಂಟಿಯುವಿನಲ್ಲಿ.

ಸಂಬಂಧವಿದ್ದೂ ಮಾರ್ಗ ಬಾರದ ದೋಷಗಳು. ಬಿಜಿಪಿಯಲ್ಲಿ ಒಳಗಿನ, ಅಂದರೆ ಅದೇ ಎಎಸ್‌ನ, ಒಂದು ನೆರೆಯಿಂದ ಕಲಿತ ಮಾರ್ಗವನ್ನು ಒಳಗಿನ ಇನ್ನೊಂದು ನೆರೆಗೆ ಹೇಳಬಾರದು. ಆದ್ದರಿಂದ ಒಳಗಿನ ಎಲ್ಲ ರೂಟರುಗಳೂ ನೇರ ಸಂಬಂಧ ಹೊಂದಿರಬೇಕು, ಇಲ್ಲವೆ ಮಾರ್ಗಗಳನ್ನು ಒಳಗಿನವರಿಗೆ ಮರುಹೇಳುವ ರೂಟ್ ರಿಫ್ಲೆಕ್ಟರ್ ಬೇಕು. ಒಂದು ಸಂಬಂಧ ಬಿಟ್ಟುಹೋದರೆ ಯಾವುದೋ ಮೂಲೆಯ ರೂಟರಿಗೆ ಕೆಲವು ಮಾರ್ಗಗಳು ಮಾತ್ರ ಸಿಗುವುದಿಲ್ಲ. ಗಡಿ ರೂಟರು ಮಾರ್ಗವನ್ನು ಒಳಗೆ ಹೇಳುವಾಗ ಮುಂದಿನ ರೂಟರಾಗಿ ಹೊರಗಿನ ವಿಳಾಸವನ್ನೇ ಉಳಿಸಿಕೊಳ್ಳುತ್ತದೆ. ಆ ವಿಳಾಸಕ್ಕೆ ಒಳಗಿನವರಿಗೆ ದಾರಿ ಗೊತ್ತಿಲ್ಲದಿದ್ದರೆ ಮಾರ್ಗ ಬಿಜಿಪಿ ಟೇಬಲ್‌ನಲ್ಲಿ ಕಾಣುತ್ತದೆ, ರೂಟಿಂಗ್ ಟೇಬಲ್‌ಗೆ ಏರುವುದಿಲ್ಲ. ಮಾರ್ಗ ದಾಟಿ ಬಂದ ಎಎಸ್‌ಗಳ ಹಾದಿಪಟ್ಟಿಯಲ್ಲಿ ತನ್ನದೇ ಸಂಖ್ಯೆ ಕಂಡರೆ ರೂಟರು ಆ ಮಾರ್ಗವನ್ನು ತಿರಸ್ಕರಿಸುತ್ತದೆ. ಎರಡು ಊರಿನ ಶಾಖೆಗಳಿಗೆ ಒಂದೇ ಸಂಖ್ಯೆ ಕೊಟ್ಟಾಗ ಒಂದರ ಮಾರ್ಗ ಇನ್ನೊಂದಕ್ಕೆ ತಲುಪದಿರುವುದು ಇದರಿಂದಲೇ. ಹೊರಗಿನ ನೆರೆಗೆ ನೀತಿ ಬರೆಯದಿದ್ದರೆ ಯಾವ ಮಾರ್ಗವನ್ನೂ ಕೊಡಬಾರದು, ಪಡೆಯಬಾರದು ಎಂದು 2017ರ ಆರ್‌ಎಫ್‌ಸಿ 8212 ಹೇಳುತ್ತದೆ. ಅದನ್ನು ಪಾಲಿಸುವ ಹೊಸ ತಂತ್ರಾಂಶಕ್ಕೆ ಬದಲಾಯಿಸಿದ ಕೂಡಲೇ ಹಳೆಯ ಸಂರಚನೆ ಮಾರ್ಗಗಳಿಲ್ಲದೆ ಬರಿದಾಗಿ ಕಾಣುವುದುಂಟು.

ಓಎಸ್‌ಪಿಎಫ್‌ನಲ್ಲಿ ಇದಕ್ಕೆ ಸಮನಾದ ಮೋಸಗಾರ ದೋಷ ಲಿಂಕ್ ಬಗೆಯ ಹೊಂದಾಣಿಕೆ ತಪ್ಪುವುದು. ಒಂದು ಬದಿ ಲಿಂಕನ್ನು ಪ್ರಸಾರ ಬಗೆ ಎಂದೂ ಇನ್ನೊಂದು ಬದಿ ಎರಡೇ ತುದಿಯದೆಂದೂ ಬರೆದಿದ್ದು ಅವಧಿಗಳು ಹೊಂದಿದರೆ, ಸಂಬಂಧ ಫುಲ್ ಎಂದೇ ತೋರುತ್ತದೆ. ಆದರೆ ಇಬ್ಬರು ಬರೆದ ನಕ್ಷೆಗಳು ಒಂದಕ್ಕೊಂದು ಕೂಡುವುದಿಲ್ಲವಾಗಿ ಮಾರ್ಗಗಳು ಹುಟ್ಟುವುದಿಲ್ಲ. ಎರಡು ರೂಟರುಗಳಿಗೆ ಒಂದೇ ರೂಟರ್ ಐಡಿ ಇದ್ದರೂ ನಕ್ಷೆ ಕದಡುತ್ತದೆ: ಒಬ್ಬರ ಹೆಸರಲ್ಲಿ ಇಬ್ಬರು ಮಾತಾಡಿ, ಮಾರ್ಗಗಳು ಬಂದು ಹೋಗುತ್ತಿರುತ್ತವೆ. ಎಲ್ಲ ಏರಿಯಾಗಳೂ ಏರಿಯಾ 0ಕ್ಕೆ ತಗುಲಿರಬೇಕೆಂಬ ನಿಯಮ ಮುರಿದಾಗ ದೂರದ ಏರಿಯಾ ಕಾಣೆಯಾಗುತ್ತದೆ.

ತಪ್ಪು ಮಾರ್ಗದ ಆಯ್ಕೆ. ಪ್ಯಾಕೆಟ್ ತಲುಪುತ್ತದೆ, ಆದರೆ ಸುತ್ತುದಾರಿಯಲ್ಲಿ. ಸಿಸ್ಕೊ ಸಾಧನಗಳಲ್ಲಿ ಓಎಸ್‌ಪಿಎಫ್ ವೆಚ್ಚವನ್ನು 100 ಮೆಗಾಬಿಟ್‌ನ್ನು ಲಿಂಕಿನ ವೇಗದಿಂದ ಭಾಗಿಸಿ ಪಡೆಯುವುದು ಮೊದಲಿನಿಂದ ಬಂದ ಕ್ರಮ. ಹೀಗಾಗಿ 100 ಮೆಗಾಬಿಟ್, 1 ಗಿಗಾಬಿಟ್, 10 ಗಿಗಾಬಿಟ್ ಲಿಂಕ್‌ಗಳಿಗೆಲ್ಲ ವೆಚ್ಚ ಒಂದೇ. ಆಧಾರ ವೇಗವನ್ನು ಬದಲಿಸುವುದಿದ್ದರೆ ಜಾಲದ ಎಲ್ಲ ರೂಟರುಗಳಲ್ಲೂ ಬದಲಿಸಬೇಕು. ವೆಚ್ಚ ಎಷ್ಟೇ ಇರಲಿ, ಏರಿಯಾ ಒಳಗಿನ ಮಾರ್ಗಕ್ಕೆ ಏರಿಯಾಗಳ ನಡುವಿನದಕ್ಕಿಂತ, ಅದಕ್ಕೆ ಹೊರಗಿನದಕ್ಕಿಂತ ಆದ್ಯತೆ ಎಂಬುದನ್ನೂ ಮರೆಯುವಂತಿಲ್ಲ.

ಲೂಪ್. ಎರಡು ಅಥವಾ ಹೆಚ್ಚು ರೂಟರುಗಳು ಒಂದೇ ಗುರಿಗೆ ಒಂದನ್ನೊಂದು ತೋರಿಸಿದರೆ ಪ್ಯಾಕೆಟ್ ಟಿಟಿಎಲ್ ಸೊನ್ನೆಯಾಗುವ ತನಕ ಅವುಗಳ ನಡುವೆ ಓಡಾಡುತ್ತದೆ. ರಿಪ್‌ನಲ್ಲಿ ಇದರ ಮೂಲರೂಪ ಕಾಣಸಿಗುತ್ತದೆ. ರೂಟರೊಂದಕ್ಕೆ ಗುರಿಯ ದಾರಿ ಕಡಿದಾಗ, ಆ ದಾರಿಯನ್ನು ಅದೇ ರೂಟರಿನಿಂದ ಕಲಿತಿದ್ದ ನೆರೆಯದು ನನಗೆ ದಾರಿ ಗೊತ್ತು ಎಂದು ತಿರುಗಿ ಹೇಳುತ್ತದೆ. ಅದನ್ನು ನಂಬಿ ಮೊದಲ ರೂಟರು ದೂರಕ್ಕೆ ಒಂದು ಕೂಡಿಸುತ್ತದೆ, ನೆರೆಯದೂ ಒಂದು ಕೂಡಿಸುತ್ತದೆ. ಈ ಎಣಿಕೆಗೆ ಕೊನೆ ಇರಲೆಂದೇ 16ನ್ನು ಅನಂತ ಎಂದು ನಿಗದಿ ಮಾಡಲಾಯಿತು. ಅದರಿಂದಾಗಿ 15 ನೆಗೆತಕ್ಕಿಂತ ದೂರದ ಜಾಲಕ್ಕೆ ರಿಪ್ ಒಗ್ಗುವುದಿಲ್ಲ. 30 ಸೆಕೆಂಡಿಗೊಮ್ಮೆ ಸಾರುವುದು, 180 ಸೆಕೆಂಡು ಕೇಳದಿದ್ದರೆ ಬಿಡುವುದು ಎಂಬ ಲೆಕ್ಕದಲ್ಲಿ ಒಮ್ಮತಕ್ಕೆ ನಿಮಿಷಗಳೇ ಹಿಡಿಯುತ್ತವೆ.

ಇಂದು ಲೂಪ್ ಹೆಚ್ಚಾಗಿ ಹುಟ್ಟುವುದು ಮರುಹಂಚಿಕೆಯಲ್ಲಿ, ಅಂದರೆ ಒಂದು ಪ್ರೋಟೋಕಾಲ್‌ನ ಮಾರ್ಗಗಳನ್ನು ಇನ್ನೊಂದಕ್ಕೆ ಸುರಿಯುವಲ್ಲಿ. ರಿಪ್ ಮತ್ತು ಓಎಸ್‌ಪಿಎಫ್ ನಡುವೆ ಎರಡು ಗಡಿ ರೂಟರುಗಳಿವೆ ಎನ್ನಿ. ಮೊದಲನೆಯದು ರಿಪ್‌ನ ಮಾರ್ಗವನ್ನು ಓಎಸ್‌ಪಿಎಫ್‌ಗೆ ಕೊಡುತ್ತದೆ. ಎರಡನೆಯದಕ್ಕೆ ಅದೇ ಗುಚ್ಛ ರಿಪ್‌ನಿಂದ 120ರ ನಂಬಿಕೆಯಲ್ಲಿ, ಓಎಸ್‌ಪಿಎಫ್‌ನಿಂದ 110ರ ನಂಬಿಕೆಯಲ್ಲಿ ಬರುತ್ತದೆ. ಅದು ಓಎಸ್‌ಪಿಎಫ್‌ನದನ್ನು ಆರಿಸಿ, ಮರಳಿ ರಿಪ್‌ಗೇ ಸುರಿಯುತ್ತದೆ. ಮಾರ್ಗದ ಮೂಲ ತಲೆಕೆಳಗಾಗುತ್ತದೆ. ಮರುಹಂಚುವಾಗ ಮಾರ್ಗಕ್ಕೆ ಗುರುತಿನ ಅಂಕಿ ಅಂಟಿಸಿ, ಆ ಗುರುತಿರುವುದನ್ನು ಹಿಂದಿರುಗಿಸದಂತೆ ಸೋಸುವುದು ಪರಿಹಾರ. ವೆಚ್ಚಗಳು ಒಂದು ಪ್ರೋಟೋಕಾಲ್‌ನಿಂದ ಇನ್ನೊಂದಕ್ಕೆ ಅರ್ಥ ಉಳಿಸಿಕೊಂಡು ಹೋಗುವುದಿಲ್ಲ. ಇಐಜಿಆರ್‌ಪಿಗೆ ಸುರಿಯುವಾಗ ಆರಂಭಿಕ ವೆಚ್ಚ ಬರೆಯಲು ಮರೆತರೆ ಮಾರ್ಗವೇ ಸಿಗುವುದಿಲ್ಲ.

ಅಸ್ಥಿರತೆ. ಲಿಂಕ್ ಬಿದ್ದೇಳುತ್ತಿದ್ದರೆ ಪ್ರತಿ ಏಳುಬೀಳನ್ನೂ ಜಾಲವಿಡೀ ಲೆಕ್ಕ ಹಾಕಬೇಕಾಗುತ್ತದೆ. ಪ್ಯಾಕೆಟ್ಟನ್ನು ಇನ್ನೊಂದು ಪ್ಯಾಕೆಟ್ಟಿನೊಳಗಿಟ್ಟು ಸಾಗಿಸುವ ಟನಲ್‌ಗಳಲ್ಲಿ ಇದಕ್ಕೊಂದು ವಿಶಿಷ್ಟ ರೂಪವಿದೆ: ಟನಲ್‌ನ ದೂರದ ತುದಿಯ ವಿಳಾಸಕ್ಕೆ ಮಾರ್ಗ ಟನಲ್ ಒಳಗಿಂದಲೇ ಕಲಿತರೆ ಟನಲ್ ತನ್ನೊಳಗೇ ತಾನು ಹೋಗಲು ಯತ್ನಿಸಿ ಬೀಳುತ್ತದೆ, ಬಿದ್ದಾಗ ಆ ಮಾರ್ಗ ಅಳಿದು ಹಳೆಯ ಮಾರ್ಗ ಬರುತ್ತದೆ, ಟನಲ್ ಏಳುತ್ತದೆ, ಮತ್ತೆ ಅದೇ. ಇಐಜಿಆರ್‌ಪಿಯಲ್ಲಿ ಮಾರ್ಗ ಕಳೆದುಕೊಂಡ ರೂಟರು ನೆರೆಯವರನ್ನೆಲ್ಲ ವಿಚಾರಿಸುತ್ತದೆ, ಅವು ತಮ್ಮ ನೆರೆಯವರನ್ನು. ಮೂರು ನಿಮಿಷದಲ್ಲಿ ಉತ್ತರ ಬಾರದಿದ್ದರೆ ಸ್ಟಕ್-ಇನ್-ಆಕ್ಟಿವ್ ಎಂದು ಸಂಬಂಧ ಕಡಿಯಲಾಗುತ್ತದೆ. ಉತ್ತರ ಕೊಡದ ರೂಟರು ಸಂದೇಶ ತೋರಿದ ರೂಟರಿನಿಂದ ಬಹಳ ದೂರ ಇರಬಹುದು. ವಿಚಾರಣೆಯ ಜಾಡು ಹಿಡಿದು ಒಂದೊಂದೇ ರೂಟರ್ ದಾಟುತ್ತಾ ಹೋಗದೆ ಇದು ಸಿಗುವುದಿಲ್ಲ.

ಪತ್ತೆಯ ಕ್ರಮ ಮತ್ತು ಸಾಧನಗಳು

ಕೆಲಸ ಆರಂಭವಾಗುವುದು ದೂರನ್ನು ಅಂಕಿಗಳಿಗೆ ಇಳಿಸುವುದರಿಂದ: ಯಾವ ವಿಳಾಸದಿಂದ ಯಾವ ವಿಳಾಸಕ್ಕೆ, ಯಾವಾಗಿನಿಂದ, ಎಲ್ಲ ಪ್ಯಾಕೆಟ್‌ಗಳೂ ಬೀಳುತ್ತಿವೆಯೋ ದೊಡ್ಡವು ಮಾತ್ರವೋ. ಇತ್ತೀಚೆಗೆ ಏನು ಬದಲಾಯಿಸಲಾಯಿತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಆ ಮೇಲೆ ಗುರಿಯತ್ತ ರೂಟರಿನಿಂದ ರೂಟರಿಗೆ ನಡೆಯುತ್ತಾ, ಪ್ರತಿಯೊಂದರಲ್ಲಿ ಗುರಿಯ ವಿಳಾಸಕ್ಕೆ ಯಾವ ನಮೂದು ಗೆಲ್ಲುತ್ತಿದೆ, ಅದು ಯಾವ ಪ್ರೋಟೋಕಾಲ್‌ನಿಂದ ಬಂತು, ಎಷ್ಟು ಹೊತ್ತಿನಿಂದ ಇದೆ ಎಂದು ನೋಡಲಾಗುತ್ತದೆ. ವರ್ಷಗಟ್ಟಲೆ ಬದಲಾಗದ ಜಾಲದಲ್ಲಿ ನಾಲ್ಕು ಸೆಕೆಂಡಿನ ವಯಸ್ಸಿನ ಮಾರ್ಗ ಕಂಡರೆ ಅದೇ ಸುಳಿವು.

ಉದಾಹರಣೆಗೆ, ಕ, ಖ, ಗ ಎಂಬ ಮೂರು ರೂಟರುಗಳು ಸಾಲಾಗಿವೆ ಎನ್ನಿ. ಕ ಹಿಂದಿನ ಬಳಕೆದಾರರಿಗೆ ಗ ಹಿಂದಿನ ಸರ್ವರ್ ಸಿಗುತ್ತಿಲ್ಲ. ಕ ಮೇಲೆ ಕೂತು ಪಿಂಗ್ ಮಾಡಿದರೆ, ಅಂದರೆ ಉತ್ತರ ಕೇಳುವ ಪರೀಕ್ಷಾ ಪ್ಯಾಕೆಟ್ ಕಳಿಸಿದರೆ, ಸರ್ವರ್ ಉತ್ತರಿಸುತ್ತದೆ. ಇಲ್ಲಿ ರೂಟರ್ ಸರಿಯಿದೆ ಎಂದು ತೀರ್ಮಾನಿಸುವುದು ಆತುರ. ರೂಟರಿನಿಂದ ಹೊರಟ ಪಿಂಗ್ ಖ ಕಡೆಗಿನ ಲಿಂಕಿನ ವಿಳಾಸವನ್ನು ಮೂಲವಾಗಿ ಹೊತ್ತಿರುತ್ತದೆ. ಆ ವಿಳಾಸಕ್ಕೆ ಗ ಬಳಿ ಮಾರ್ಗವಿದೆ. ಬಳಕೆದಾರರ ವಿಳಾಸಗುಚ್ಛವನ್ನು ಮಾತ್ರ ಕ ಸಾರುತ್ತಿಲ್ಲ. ಪಿಂಗ್‌ಗೆ ಬಳಕೆದಾರರ ಬದಿಯ ವಿಳಾಸವನ್ನು ಮೂಲವಾಗಿ ಕೊಟ್ಟು ಮತ್ತೆ ಪ್ರಯತ್ನಿಸಿದರೆ ದೋಷ ಬಯಲಾಗುತ್ತದೆ. ಮರುದಾರಿಯ ಪರೀಕ್ಷೆಯನ್ನು ಬಿಟ್ಟು ಮಾಡಿದ ರೋಗನಿರ್ಣಯ ಅಪೂರ್ಣ.

ಪಿಂಗ್‌ನ್ನು ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ಬರೆದರು. ಟ್ರೇಸ್‌ರೂಟ್ ವ್ಯಾನ್ ಜೇಕಬ್‌ಸನ್ ಅವರದು; ಟಿಟಿಎಲ್‌ನ್ನು ಒಂದೊಂದೇ ಏರಿಸುತ್ತಾ ಕಳಿಸಿ, ಅವಧಿ ಮುಗಿಯಿತೆಂದು ದೂರುವ ರೂಟರುಗಳ ವಿಳಾಸ ಸಂಗ್ರಹಿಸುತ್ತದೆ. ಎರಡೇ ವಿಳಾಸಗಳು ಸರತಿಯಲ್ಲಿ ಮರುಕಳಿಸಿದರೆ ಲೂಪ್ ಖಚಿತ. ಆದರೆ ಅದು ತೋರಿಸುವುದು ಹೋಗುವ ದಾರಿಯನ್ನು ಮಾತ್ರ; ಎಂಪಿಎಲ್‌ಎಸ್ ಜಾಲಗಳಲ್ಲಿ ನಡುವಿನ ರೂಟರುಗಳು ಅಡಗಿರಲೂಬಹುದು. ಪ್ಯಾಕೆಟ್ಟನ್ನೇ ಹಿಡಿದು ನೋಡಲು ಟಿಸಿಪಿಡಂಪ್ ಮತ್ತು ವೈರ್‌ಶಾರ್ಕ್ ಇವೆ. ರೂಟರಿನೊಳಗಿನ ಡೀಬಗ್ ಆದೇಶಗಳು ಹೆಚ್ಚು ಹೇಳುತ್ತವೆ, ಆದರೆ ಒತ್ತಡದಲ್ಲಿರುವ ರೂಟರಿನ ಪ್ರೊಸೆಸರನ್ನು ಕಟ್ಟಿಹಾಕಬಲ್ಲವು. ಒಂದು ನೆರೆಗೆ, ಒಂದು ಗುಚ್ಛಕ್ಕೆ ಸೀಮಿತಗೊಳಿಸಿಯೇ ಬಳಸಬೇಕು. ಹಲವು ರೂಟರುಗಳ ಲಾಗ್‌ಗಳನ್ನು ಹೊಂದಿಸಿ ನೋಡಲು ಎಲ್ಲ ಗಡಿಯಾರಗಳೂ ಎನ್‌ಟಿಪಿಯಿಂದ ಒಂದೇ ಸಮಯ ತೋರುತ್ತಿರಬೇಕು. ಹೊರಗಿನ ಜಗತ್ತಿಗೆ ತನ್ನ ಗುಚ್ಛ ಹೇಗೆ ಕಾಣುತ್ತಿದೆ ಎಂದು ತಿಳಿಯಲು ಲುಕಿಂಗ್ ಗ್ಲಾಸ್ ಸೇವೆಗಳು, ಒರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್, ರೈಪ್ ಸಂಸ್ಥೆಯ ಆರ್‌ಐಎಸ್ ದಾಖಲೆಗಳು ನೆರವಾಗುತ್ತವೆ.

ಅಂತರಜಾಲ ಮಟ್ಟದ ಪ್ರಕರಣಗಳು

1997ರ ಏಪ್ರಿಲ್ 25ರಂದು ಎಎಸ್ 7007ರ ರೂಟರೊಂದು ಅಂತರಜಾಲದ ಮಾರ್ಗಗಳ ದೊಡ್ಡ ಭಾಗವನ್ನು ಚಿಕ್ಕ ಗುಚ್ಛಗಳಾಗಿ ಒಡೆದು, ತನ್ನದೇ ಎಂಬಂತೆ ಸಾರಿತು. ಚಿಕ್ಕ ಗುಚ್ಛ ಗೆಲ್ಲುವ ನಿಯಮದಿಂದ ಸಂಚಾರ ಅತ್ತ ಹರಿಯಿತು. ರೂಟರನ್ನು ಕಳಚಿದ ಮೇಲೂ ತಪ್ಪು ಮಾರ್ಗಗಳು ಕೆಲಕಾಲ ಜಾಲದಲ್ಲಿ ಸುತ್ತುತ್ತಿದ್ದವು. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ, ದೇಶದೊಳಗೆ ಯೂಟ್ಯೂಬ್ ತಡೆಯಲೆಂದು ಹಾಕಿದ 208.65.153.0/24 ಮಾರ್ಗ ಹೊರಗೆ ಸೋರಿತು. ಯೂಟ್ಯೂಬ್ ಸಾರುತ್ತಿದ್ದುದು 208.65.152.0/22. ಸುಮಾರು ಎರಡು ತಾಸು ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ಯೂಟ್ಯೂಬ್ ಮೊದಲು ಅದೇ /24ನ್ನು, ನಂತರ ಇನ್ನೂ ಚಿಕ್ಕ /25ಗಳನ್ನು ಸಾರಿತು. ತಪ್ಪು ಮಾರ್ಗವನ್ನು ಮೇಲಿನ ಸೇವಾದಾರ ಸಂಸ್ಥೆ ಹಿಂತೆಗೆದಾಗ ಪ್ರಕರಣ ಮುಗಿಯಿತು. ಇಂಥ ಸೋರಿಕೆಗಳ ವ್ಯಾಖ್ಯೆ ಮತ್ತು ವರ್ಗೀಕರಣ 2016ರ ಆರ್‌ಎಫ್‌ಸಿ 7908ರಲ್ಲಿದೆ.

2014ರ ಆಗಸ್ಟ್ 12ರ ತೊಂದರೆಯ ಬಗೆ ಬೇರೆ. ಅಂತರಜಾಲದ ಐಪಿವಿ4 ಮಾರ್ಗಗಳು 5,12,000 ದಾಟಿದಾಗ, ಫಾರ್ವರ್ಡಿಂಗ್ ಮೆಮೊರಿಯಲ್ಲಿ ಅಷ್ಟಕ್ಕೇ ಜಾಗವಿದ್ದ ಹಳೆಯ ರೂಟರುಗಳು ಕುಸಿದವು. ಇವುಗಳಲ್ಲಿ ನೆರೆಸಂಬಂಧ, ನೀತಿ, ಆಯ್ಕೆ ಎಲ್ಲವೂ ಸರಿಯಿತ್ತು. ಕೊನೆಯ ಹಂತ ತುಂಬಿತ್ತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸೇವೆಗಳು ಸುಮಾರು ಆರು ತಾಸು ನಿಂತವು. ನಿರ್ವಹಣೆಯ ಆದೇಶವೊಂದು ಬೆನ್ನೆಲುಬು ಜಾಲವನ್ನು ಕಡಿಯಿತು. ಒಳಜಾಲ ಕಾಣದಾದ ಡಿಎನ್ಎಸ್ ಕೇಂದ್ರಗಳು, ರೂಪಿಸಿದ್ದಂತೆಯೇ, ತಮ್ಮ ಬಿಜಿಪಿ ಸಾರಿಕೆಗಳನ್ನು ಹಿಂತೆಗೆದವು. ದುರಸ್ತಿಯ ಸಾಧನಗಳೂ ಅದೇ ಜಾಲವನ್ನು ಅವಲಂಬಿಸಿದ್ದರಿಂದ ಎಂಜಿನಿಯರುಗಳು ಖುದ್ದಾಗಿ ಯಂತ್ರಗಳಿರುವಲ್ಲಿಗೆ ಹೋಗಬೇಕಾಯಿತು. ರೂಟರುಗಳ ನಿಯಂತ್ರಣಕ್ಕೆ ಪ್ರತ್ಯೇಕ ದಾರಿ ಇರಬೇಕೆಂಬ ಹಳೆಯ ಕಟ್ಟಳೆಗೆ ಇದಕ್ಕಿಂತ ಬಲವಾದ ಉದಾಹರಣೆ ಕಡಿಮೆ.

ಬಳಕೆ ಮತ್ತು ಇಂದಿನ ಸ್ಥಿತಿ

ಅಂತರಜಾಲ ಸೇವಾ ಸಂಸ್ಥೆ, ಬ್ಯಾಂಕ್, ಡೇಟಾ ಸೆಂಟರ್, ವಿಶ್ವವಿದ್ಯಾಲಯ, ಸರಕಾರಿ ಜಾಲ ಎಲ್ಲೆಡೆ ಈ ವಿಧಾನ ಬಳಕೆಯಲ್ಲಿದೆ. ಭಾರತದ ಸೇವಾ ಸಂಸ್ಥೆಗಳು ಪರಸ್ಪರ ಸಂಚಾರ ವಿನಿಮಯ ಮಾಡಿಕೊಳ್ಳಲು 2003ರಲ್ಲಿ ಸ್ಥಾಪನೆಯಾದ ನಿಕ್ಸಿಯ ಬೆಂಗಳೂರು ಕೇಂದ್ರದಂಥ ಜಾಗಗಳಲ್ಲಿ ಹಲವು ಸಂಸ್ಥೆಗಳ ರೂಟರುಗಳು ಬಿಜಿಪಿಯಲ್ಲಿ ಸೇರುತ್ತವೆ. ಅಲ್ಲಿ ದೋಷಪತ್ತೆಗೆ ಎರಡೂ ಬದಿಯ ಸಿಬ್ಬಂದಿ ಒಟ್ಟಿಗೆ ಕೂರಬೇಕಾಗುತ್ತದೆ, ಯಾಕೆಂದರೆ ಒಬ್ಬರ ರೂಟರು ಇನ್ನೊಬ್ಬರಿಗೆ ತೆರೆದಿರುವುದಿಲ್ಲ. ಕಲಿಕೆಗೆ ಪ್ಯಾಕೆಟ್ ಟ್ರೇಸರ್, ಜಿಎನ್ಎಸ್3, ಕಂಟೇನರ್‌ಲ್ಯಾಬ್‌ಗಳಂಥ ಅನುಕರಣ ಸಾಧನಗಳೂ ಎಫ್‌ಆರ್‌ರೂಟಿಂಗ್, ಬರ್ಡ್ ಎಂಬ ಮುಕ್ತ ತಂತ್ರಾಂಶಗಳೂ ಲಭ್ಯ.

ನೆರೆಯದು ಹೋದದ್ದನ್ನು ತಿಳಿಯಲು ಹಲೋ ಅವಧಿ ಮುಗಿಯುವ ತನಕ ಕಾಯುವ ಬದಲು 2010ರ ಆರ್‌ಎಫ್‌ಸಿ 5880ರ ಬಿಎಫ್‌ಡಿ ಬಳಸಿ ಸೆಕೆಂಡಿನೊಳಗೆ ತಿಳಿಯುವುದು ಈಗ ರೂಢಿ. ಅವಧಿಯನ್ನು ಅತಿಯಾಗಿ ಬಿಗಿದರೆ ಕ್ಷಣದ ದಟ್ಟಣೆಗೂ ಸಂಬಂಧ ಕಡಿದು, ಅಸ್ಥಿರತೆ ಹೊಸ ದಾರಿಯಲ್ಲಿ ಬರುತ್ತದೆ. ರೂಟರು ನೆರೆಯಿಂದ ಕೇಳಿದ್ದನ್ನೆಲ್ಲ ಹೊರಗಿನ ದಾಖಲೆಗೆ ಕಳಿಸುವ ಬಿಎಂಪಿಯನ್ನು 2016ರ ಆರ್‌ಎಫ್‌ಸಿ 7854 ವಿವರಿಸುತ್ತದೆ. ಇದರಿಂದ ದೋಷ ಕಂಡಾಗ ಹಿಂದಿನ ಸ್ಥಿತಿಯನ್ನು ಮರಳಿ ನೋಡಬಹುದು. ಬದಲಾವಣೆ ಹಾಕುವ ಮೊದಲೇ ಸಂರಚನೆಯ ಕಡತಗಳನ್ನು ಓದಿ, ಯಾವ ಗುರಿ ತಪ್ಪಿಹೋಗುತ್ತದೆ ಎಂದು ಲೆಕ್ಕ ಹಾಕುವ ಬ್ಯಾಟ್‌ಫಿಶ್‌ನಂಥ ಸಾಧನಗಳು ಪತ್ತೆಯ ಕೆಲಸದ ಒಂದು ಪಾಲನ್ನು ದೋಷಕ್ಕೂ ಮೊದಲಿನ ಹೊತ್ತಿಗೆ ಸರಿಸಿವೆ.

ಬಿಜಿಪಿಯಲ್ಲಿ ಗುಚ್ಛವೊಂದನ್ನು ಸಾರುವ ಹಕ್ಕು ಯಾವ ಎಎಸ್‌ಗೆ ಇದೆ ಎಂಬುದನ್ನು ಸಹಿಹಾಕಿದ ದಾಖಲೆಯಿಂದ ಪರಿಶೀಲಿಸುವ ಆರ್‌ಪಿಕೆಐ 2010ರ ದಶಕದ ಆರಂಭದಿಂದ ಹರಡುತ್ತಿದೆ. ಇದರ ಜೊತೆ ಹೊಸ ಬಗೆಯ ದೂರೂ ಬಂದಿದೆ: ದಾಖಲೆಯಲ್ಲಿ /22 ತನಕ ಮಾತ್ರ ಅನುಮತಿ ಬರೆದು, ಮುಂದೊಂದು ದಿನ /24 ಸಾರಿದರೆ ಕೆಲವು ಜಾಲಗಳು ಅದನ್ನು ಅಮಾನ್ಯವೆಂದು ಎಸೆಯುತ್ತವೆ, ಪರಿಶೀಲಿಸದ ಜಾಲಗಳು ಒಪ್ಪುತ್ತವೆ, ಗುರಿ ಅರ್ಧ ಜಗತ್ತಿಗೆ ಕಾಣುತ್ತದೆ, ಇನ್ನರ್ಧಕ್ಕೆ ಕಾಣುವುದಿಲ್ಲ. ಅಲ್ಲದೆ ಆರ್‌ಪಿಕೆಐ ಪರಿಶೀಲಿಸುವುದು ಮಾರ್ಗದ ಮೂಲವನ್ನಷ್ಟೆ. ಮೂಲ ಸರಿಯಿದ್ದು ಹಾದಿ ತಪ್ಪಿದ ಸೋರಿಕೆಗಳನ್ನು ತಡೆಯಲು, ನೆರೆಯದು ಗ್ರಾಹಕನೋ ಸೇವಾದಾರನೋ ಎಂಬುದನ್ನು ಬಿಜಿಪಿ ಸಂಬಂಧ ಏರ್ಪಡುವಾಗಲೇ ಘೋಷಿಸುವ ವಿಧಾನವನ್ನು 2022ರ ಆರ್‌ಎಫ್‌ಸಿ 9234 ನಿಗದಿಪಡಿಸಿದೆ. ಎರಡು ಬದಿಗಳು ತಮ್ಮ ಪಾತ್ರವನ್ನು ಹೊಂದದಂತೆ ಹೇಳಿಕೊಂಡರೆ ಸಂಬಂಧವೇ ಏರ್ಪಡುವುದಿಲ್ಲ; ಹೋಲ್ಡ್ ಟೈಮರ್, ಎಂಡಿ5 ಗುಟ್ಟು, ಎಎಸ್ ಸಂಖ್ಯೆಗಳ ಜೊತೆಗೆ ಇನ್ನು ಮುಂದೆ ನೋಡಬೇಕಾದ ಸಾಲುಗಳಲ್ಲಿ ಇದೂ ಸೇರಿದೆ.